ಮಾರುತಿ 800ರ ಎಂಜಿನ್: ಅಂಗರಚನೆಯೂ ಕಾಯಿಲೆಗಳೂ

1983ರ ಡಿಸೆಂಬರ್ ತಿಂಗಳಲ್ಲಿ ಗುರ್‌ಗಾಂವ್ ಕಾರ್ಖಾನೆಯ ಮೊದಲ ಮಾರುತಿ ಕಾರುಗಳು ಗ್ರಾಹಕರ ಕೈಸೇರಿದಾಗ, 1489 ಸಿ.ಸಿ.ಯ ಅಂಬಾಸಿಡರನ್ನೂ 1089 ಸಿ.ಸಿ.ಯ ಪದ್ಮಿನಿಯನ್ನೂ ನೋಡಿ ಪಳಗಿದ್ದ ಕಣ್ಣುಗಳಿಗೆ, ಮಾರುತಿಯ ಬಾನೆಟ್ಟಿನಡಿಯಲ್ಲಿ ಅಡ್ಡಡ್ಡಲಾಗಿ ಕುಳಿತಿದ್ದ 796 ಸಿ.ಸಿ.ಯ, ಮೂರೇ ಸಿಲಿಂಡರುಗಳ ಎಂಜಿನ್ ಅಷ್ಟೊಂದು ಭರವಸೆ ಹುಟ್ಟಿಸದೆ ಹೋಗಿದ್ದರೆ ಅದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಜಪಾನಿನ ಸುಜುಕಿ ಕಂಪನಿಯವರು ಎಫ್8ಬಿ ಎಂದು ಹೆಸರಿಟ್ಟಿದ್ದ ಈ ಎಂಜಿನ್ನು ಮುಂದೆ ಓಮ್ನಿ ವ್ಯಾನಿನ ಮುಂದಣ ಸೀಟುಗಳ ಕೆಳಗೂ ಸೇರಿಕೊಂಡು ದಶಕಗಳ ಕಾಲ ದುಡಿಯಿತು. 800ರ ಉತ್ಪಾದನೆ ನಿಂತದ್ದಾದರೂ 2014ರ ಜನವರಿಯಲ್ಲಿ. ಇಷ್ಟು ದೀರ್ಘಕಾಲ ಬಾಳಿದ ಯಂತ್ರವು ಯಾವ ಯಾವ ಕಾರಣದಿಂದ ಕೆಡುತ್ತಿತ್ತೆಂಬುದನ್ನು ವಿಚಾರಿಸಿದರೆ, ಅದರ ಉಕ್ಕು ಕಬ್ಬಿಣಗಳು ಸವೆದು ಸೋತದ್ದಕ್ಕಿಂತ, ಅವುಗಳ ನಡುವೆ ಇರುವ ರಬ್ಬರು, ಗ್ಯಾಸ್ಕೆಟ್ಟು, ನೀರು ಮುಂತಾದ ಅಗ್ಗದ ಪದಾರ್ಥಗಳು ಕೈಕೊಟ್ಟದ್ದೇ ಹೆಚ್ಚೆಂಬುದು ಕಂಡುಬರುತ್ತದೆ.

ಮೊದಲು ಅಳತೆಗಳನ್ನು ನೋಡೋಣ. ಒಂದೊಂದು ಸಿಲಿಂಡರಿನ ವ್ಯಾಸ 68.5 ಮಿಲಿಮೀಟರ್, ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ 72 ಮಿಲಿಮೀಟರ್. ಇವೆರಡರಿಂದ ಲೆಕ್ಕ ಹಾಕಿದರೆ ಒಂದು ಸಿಲಿಂಡರಿಗೆ 265 ಸಿ.ಸಿ.ಯಷ್ಟು ಗಾತ್ರ ದೊರೆತು, ಮೂರೂ ಕೂಡಿ 796 ಆಗುತ್ತದೆ. ಕಾರ್ಬ್ಯುರೇಟರ್ ಇದ್ದ ಮಾದರಿಗಳಲ್ಲಿ ಸಂಕೋಚನದ ಪ್ರಮಾಣ 8.7ಕ್ಕೆ 1, ಎಂದರೆ, ಪಿಸ್ಟನ್ ಕೆಳತುದಿಯಲ್ಲಿದ್ದಾಗ ಹೆಚ್ಚುಕಡಿಮೆ 300 ಸಿ.ಸಿ.ಯಷ್ಟು ಜಾಗದಲ್ಲಿ ಹರಡಿಕೊಂಡಿದ್ದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು, ಪಿಸ್ಟನ್ ಮೇಲಕ್ಕೇರುವಷ್ಟರಲ್ಲಿ 35 ಸಿ.ಸಿ.ಗೂ ಕಡಿಮೆಯಾದ ಇರುಕಿನಲ್ಲಿ ಅದುಮಲ್ಪಟ್ಟು, ಆ ಕ್ಷಣದಲ್ಲಿ ಕಿಡಿ ತಗುಲಿ ಉರಿಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಇಂಥ ದಹನಗಳು ಸೆಕೆಂಡಿಗೆ 75ರಂತೆ ನಡೆಯುತ್ತವೆ. ಇಷ್ಟೆಲ್ಲದರ ಫಲವಾಗಿ ದೊರೆಯುವ ಶಕ್ತಿ ಕೇವಲ 37 ರಿಂದ 39 ಅಶ್ವಶಕ್ತಿ. ಆದರೆ ಹೊರಬೇಕಾದ ಕಾರಿನ ತೂಕವೂ ಸುಮಾರು 650 ಕಿಲೋಗ್ರಾಮ್ ಅಷ್ಟೇ ಆದುದರಿಂದ, ಆ ಶಕ್ತಿ ಸಾಲದೆಂದು ಹೇಳುವಂತಿರಲಿಲ್ಲ. ಸಿಲಿಂಡರುಗಳನ್ನೊಳಗೊಂಡ ಬ್ಲಾಕು ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ಡು ಅಲ್ಯೂಮಿನಿಯಮ್ಮಿನದು. ಓದುಗರು ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಬೇಕು. ಕಥೆಯ ಬಹುಭಾಗ ಅದರಲ್ಲಿಯೇ ಅಡಗಿದೆ.

ಮೂರು ಸಿಲಿಂಡರಿನ ಎಂಜಿನ್ನಿಗೆ ಹುಟ್ಟಿನಿಂದಲೇ ಬಂದ ಒಂದು ಸ್ವಭಾವವುಂಟು. ಮೂರು ಪಿಸ್ಟನ್ನುಗಳೂ ಪರಸ್ಪರ 120 ಡಿಗ್ರಿಯ ಅಂತರದಲ್ಲಿ ಏರಿಳಿಯುವುದರಿಂದ ಅವುಗಳ ಎಳೆತಗಳು ಒಟ್ಟಿನಲ್ಲಿ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆಯಾದರೂ, ಒಂದನೆಯದೂ ಮೂರನೆಯದೂ ಎರಡು ತುದಿಗಳಲ್ಲಿರುವ ಕಾರಣ, ಎಂಜಿನ್ನಿನ ಒಂದು ತುದಿಯನ್ನು ಎತ್ತಿ ಇನ್ನೊಂದನ್ನು ಅದುಮುವಂಥ ತೂಗಾಟವೊಂದು ಉಳಿದೇ ಉಳಿಯುತ್ತದೆ. ಇದನ್ನು ಕಾರಿನ ಮೈಗೆ ಹಬ್ಬದಂತೆ ತಡೆಹಿಡಿಯುವ ಹೊಣೆ ಮೌಂಟಿಂಗ್ ಎಂಬ ರಬ್ಬರು ದಿಮ್ಮಿಗಳದು. ಅವು ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಟ್ಟರೆ, ಸಿಗ್ನಲ್ಲಿನಲ್ಲಿ ನಿಂತ ಕಾರಿನ ಸ್ಟಿಯರಿಂಗು, ಕನ್ನಡಿ, ಡ್ಯಾಶ್‌ಬೋರ್ಡು ಎಲ್ಲವೂ ನಡುಗತೊಡಗುತ್ತವೆ; ಮಾಲೀಕನು ಎಂಜಿನ್ ಕೆಟ್ಟಿತೆಂದು ಬಗೆದು ಪ್ಲಗ್ಗು ಬದಲಿಸುತ್ತಾನೆ, ಕಾರ್ಬ್ಯುರೇಟರ್ ಬಿಚ್ಚಿಸುತ್ತಾನೆ, ನಡುಕ ಮಾತ್ರ ಹೋಗುವುದಿಲ್ಲ.

ಇನ್ನು ಉಷ್ಣದ ವಿಚಾರ. ಪೆಟ್ರೋಲಿನಲ್ಲಿರುವ ಶಕ್ತಿಯ ಸುಮಾರು ಕಾಲುಭಾಗ ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗಿ, ಉಳಿದುದರಲ್ಲಿ ಒಂದು ದೊಡ್ಡ ಪಾಲು ಸೈಲೆನ್ಸರಿನ ಮೂಲಕವೂ ಹೆಚ್ಚುಕಡಿಮೆ ಅಷ್ಟೇ ಪಾಲು ರೇಡಿಯೇಟರಿನ ನೀರಿನ ಮೂಲಕವೂ ಹೊರಬೀಳುತ್ತದೆ. ದೊಡ್ಡ ಎಂಜಿನ್ನು ಅರ್ಧ ಬಲದಲ್ಲಿ ಏರುವ ದಾರಿಯನ್ನು ಚಿಕ್ಕ ಎಂಜಿನ್ನು ಪೂರ್ಣ ಬಲದಲ್ಲಿ ಏರಬೇಕಾಗುತ್ತದೆ. ಐದು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು, ಎರಡನೆಯ ಗೇರಿನಲ್ಲಿ ಚಾರ್ಮಾಡಿ ಘಟ್ಟವನ್ನು ಹತ್ತುವ 800ರಲ್ಲಿ ಉಷ್ಣದ ಉತ್ಪತ್ತಿ ಪರಮಾವಧಿಯನ್ನು ಮುಟ್ಟಿರುವಾಗಲೇ, ಎದುರಿನಿಂದ ಬೀಸಬೇಕಾದ ಗಾಳಿ ವೇಗವಿಲ್ಲದೆ ಅತ್ಯಲ್ಪವಾಗಿರುತ್ತದೆ. ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ರೇಡಿಯೇಟರಿನ ಫ್ಯಾನಿಗೆ ಹಳೆಯ ಕಾರುಗಳಂತೆ ಬೆಲ್ಟಿನ ಚಾಲನೆಯಿಲ್ಲ; ಅದು ವಿದ್ಯುತ್ತಿನಿಂದ ತಿರುಗುವಂಥದು. ನೀರು ಕಾದಾಗ ಆ ಫ್ಯಾನಿಗೆ ವಿದ್ಯುತ್ತನ್ನು ಹಾಯಿಸುವ ಪುಟ್ಟ ಥರ್ಮೋಸ್ವಿಚ್ಚು ಕೆಟ್ಟರೆ, ಇಲ್ಲವೆ ಫ್ಯಾನಿನ ಮೋಟಾರು ಸುಟ್ಟರೆ, ಹೆದ್ದಾರಿಯಲ್ಲಿ ಯಾವ ಸೂಚನೆಯನ್ನೂ ಕೊಡದೆ ಓಡಿದ ಕಾರು ಊರೊಳಗಿನ ಗಾಡಿಗಳ ಸಂದಣಿಯಲ್ಲಿ ಹತ್ತೇ ನಿಮಿಷದೊಳಗೆ ಹಬೆಯುಗುಳಿ ನಿಲ್ಲುತ್ತದೆ.

ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಅದರ ಸ್ಪ್ರಿಂಗು ಒಳಗಿನ ನೀರನ್ನು ವಾಯುಭಾರಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 0.9 ಕಿಲೋ ಅಧಿಕ ಒತ್ತಡದಲ್ಲಿ ಹಿಡಿದಿಡುವುದರಿಂದ, 100 ಡಿಗ್ರಿಯಲ್ಲಿ ಕುದಿಯಬೇಕಾದ ನೀರು 118 ಡಿಗ್ರಿಯ ಸಮೀಪದವರೆಗೂ ಕುದಿಯದೆ ತನ್ನ ಕೆಲಸವನ್ನು ನಡೆಸುತ್ತದೆ. ಮುಚ್ಚಳದ ರಬ್ಬರು ಸಡಿಲಾದ ದಿನ ಈ 18 ಡಿಗ್ರಿಗಳ ರಕ್ಷಣೆ ಇಲ್ಲವಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಮತ್ತೊಂದು ಕೇಡು ಸೇರಿಕೊಂಡಿತು. ಕೂಲೆಂಟಿನ ಬದಲು, ಕೈಗೆ ಸಿಕ್ಕಿತೆಂದು ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ಲಿನ ಗಡಸುನೀರನ್ನೇ ಸುರಿಯುತ್ತ ಬಂದವರ ಕಾರುಗಳಲ್ಲಿ, ಆ ನೀರಿನ ಸುಣ್ಣದ ಅಂಶವು ಕಾದಾಗಲೆಲ್ಲ ಕೊಂಚಕೊಂಚವಾಗಿ ಬೇರ್ಪಟ್ಟು, ರೇಡಿಯೇಟರಿನ ಸಣ್ಣ ಕೊಳವೆಗಳ ಒಳಮೈಗೂ ಬ್ಲಾಕಿನ ನೀರಿನ ದಾರಿಗಳಿಗೂ ಹಿಟ್ಟೆಯಾಗಿ ಅಂಟಿಕೊಂಡಿತು. ಹಿಟ್ಟೆಯು ಉಷ್ಣವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಸಿ ಅಲ್ಯೂಮಿನಿಯಮ್ಮನ್ನು ತಿನ್ನುವ ಕೆಲಸವನ್ನಂತೂ ಬರಿನೀರು ತಾನಾಗಿಯೇ ಮಾಡುತ್ತದೆ. ಹೀಗೆ ಕಾರು ಬಿಸಿಯಾಗತೊಡಗಿದಾಗ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಹೇಳುತ್ತಿದ್ದ ಔಷಧವೆಂದರೆ ಥರ್ಮೋಸ್ಟಾಟನ್ನೇ ಕಿತ್ತುಹಾಕುವುದು. ಈ ಚಿಕಿತ್ಸೆ ನನಗೆ ಎಂದೂ ಸಮ್ಮತವೆನಿಸಲಿಲ್ಲ. ನೀರು 82 ಡಿಗ್ರಿಯ ಸುಮಾರಿಗೆ ಬರುವವರೆಗೂ ಅದನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನನ್ನು ಬೇಗ ಬೆಚ್ಚಗಾಗಿಸುವ ಆ ಕವಾಟವನ್ನು ತೆಗೆದರೆ, ಎಂಜಿನ್ನು ಬಹುಕಾಲ ತಣ್ಣಗೇ ಓಡಿ, ಪೆಟ್ರೋಲು ಹೆಚ್ಚು ಕುಡಿದು, ಆಯಿಲಿನಲ್ಲಿ ನೀರಿನ ಪಸೆಯೂ ಕಿಟ್ಟವೂ ಕೂಡುವಂತಾಗುತ್ತದೆ. ಮೂಲರೋಗವಾದ ಹಿಟ್ಟೆಯೋ ಇದ್ದಲ್ಲಿಯೇ ಇರುತ್ತದೆ.

ಅತಿಯಾಗಿ ಕಾದ ಎಂಜಿನ್ನಿನಲ್ಲಿ ಏನಾಗುತ್ತದೆಂಬುದಕ್ಕೆ ಹಿಂದೆ ನೆನಪಿಡಬೇಕೆಂದ ಎರಡು ಲೋಹಗಳ ಸಂಗತಿಯೇ ಉತ್ತರ. ಒಂದಡಿ ಉದ್ದದ ಅಲ್ಯೂಮಿನಿಯಮ್ ಪಟ್ಟಿಯನ್ನು 80 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದು ಅರ್ಧ ಮಿಲಿಮೀಟರಿಗೂ ತುಸು ಮಿಗಿಲಾಗಿ ಬೆಳೆಯುತ್ತದೆ. ಅಷ್ಟೇ ಉದ್ದದ ಎರಕದ ಕಬ್ಬಿಣ ಬೆಳೆಯುವುದು ಅದರ ಅರ್ಧದಷ್ಟು. ಬೋಲ್ಟುಗಳಿಂದ ಬಿಗಿಯಲ್ಪಟ್ಟ ಹೆಡ್ಡು ಹೀಗೆ ಬೆಳೆಯಲು ಹವಣಿಸಿದಾಗಲೆಲ್ಲ ಅದಕ್ಕೂ ಬ್ಲಾಕಿಗೂ ನಡುವೆ ಸಿಕ್ಕ ಗ್ಯಾಸ್ಕೆಟ್ಟು ಉಜ್ಜಾಟವನ್ನು ಸಹಿಸುತ್ತದೆ. ನಿತ್ಯದ ಉಷ್ಣಕ್ಕೆ ಅದು ಸಿದ್ಧವಾಗಿಯೇ ಇದೆ. ಆದರೆ ನೀರು ಬತ್ತಿದ ಮೇಲೂ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗಿಬಿಡೋಣವೆಂದು ಓಡಿಸಿದ ನಾಲ್ಕು ಕಿಲೋಮೀಟರುಗಳಲ್ಲಿ ಹೆಡ್ಡು ಮತ್ತೆ ಸರಿಹೋಗದಂತೆ ಬಾಗಿ, ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ.

ಬಿಚ್ಚಿದ ಹೆಡ್ಡನ್ನು ಮೆಕ್ಯಾನಿಕ್ಕನು ಬೆಂಚಿನ ಮೇಲೆ ಮಗುಚಿ ಇಟ್ಟು, ಮಸಿಯನ್ನು ಕೆರೆದು ಒರಸಿ, ಉಕ್ಕಿನ ನೇರಪಟ್ಟಿಯೊಂದನ್ನು ಅದರ ಮೇಲೆ ಮೂಲೆಯಿಂದ ಮೂಲೆಗೆ ನಿಲ್ಲಿಸುತ್ತಾನೆ. ಅನಂತರ ಫೀಲರ್ ಗೇಜಿನ ತೆಳುವಾದ ಎಲೆಗಳನ್ನು ಒಂದೊಂದಾಗಿ ಆ ಪಟ್ಟಿಯ ಅಡಿಯಲ್ಲಿ ತೂರಿಸಿ ನೋಡುತ್ತಾನೆ. 0.05 ಮಿಲಿಮೀಟರಿನ ಎಲೆ ಎಲ್ಲಿಯಾದರೂ ಸಲೀಸಾಗಿ ನುಗ್ಗಿತೆಂದರೆ “ಹೆಡ್ ಬೆಂಡಾಗಿದೆ ಸಾರ್, ಫೇಸಿಂಗ್ ಮಾಡಿಸಬೇಕು” ಎಂಬ ತೀರ್ಪು ಹೊರಬೀಳುತ್ತದೆ. ಹೆಡ್ಡು ಲೇತಿನ ಅಂಗಡಿಗೆ ಹೋಗಿ, ಮೈಯನ್ನು ಕೊಂಚ ಹೆರೆಸಿಕೊಂಡು ಸಮತಟ್ಟಾಗಿ ಬರುತ್ತದೆ. ಆದರೆ ಹೀಗೆ ಹೆರೆದಷ್ಟೂ ದಹನದ ಇರುಕು ಇನ್ನೂ ಚಿಕ್ಕದಾಗಿ ಸಂಕೋಚನ ಏರುವುದರಿಂದ, ಪದೇ ಪದೇ ಫೇಸಿಂಗ್ ಕಂಡ ಎಂಜಿನ್ನು ಸಾಧಾರಣ ಪೆಟ್ರೋಲಿನಲ್ಲಿ ಕಟಕಟನೆ ಬಡಿದುಕೊಳ್ಳುವುದುಂಟು.

ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟು ಒಂದೇ ಸುತ್ತು ತಿರುಗುವಂತೆ ಇವೆರಡನ್ನು ಬೆಸೆಯುವ ಹಲ್ಲಿನ ರಬ್ಬರು ಪಟ್ಟಿ ಅದು. ಹರಿಯುವ ಮೊದಲು ಸರಪಳಿಯಂತೆ ಸದ್ದುಮಾಡಿ ಎಚ್ಚರಿಸುವ ಸ್ವಭಾವ ಅದಕ್ಕಿಲ್ಲ. ಹೆಚ್ಚು ಓಡದೆ ನಿಂತ ಕಾರಿನಲ್ಲಿಯೂ ರಬ್ಬರಿಗೆ ವಯಸ್ಸಾಗಿಯೇ ಆಗುತ್ತದಾದ್ದರಿಂದ, ಮೀಟರಿನ ಅಂಕೆಯನ್ನು ಮಾತ್ರ ನಂಬಿ ಬೆಲ್ಟು ಹೊಸದೆಂದುಕೊಳ್ಳುವುದು ಸಲ್ಲದು. ಟ್ಯಾಪೆಟ್ ಕವರಿನ ಅಂಚಿನಿಂದಲೋ ಕ್ರ್ಯಾಂಕಿನ ಆಯಿಲ್ ಸೀಲಿನಿಂದಲೋ ಒಸರಿದ ಆಯಿಲು ಈ ಪಟ್ಟಿಗೆ ತಗುಲಿದರಂತೂ ಅದರ ಆಯುಸ್ಸು ಇನ್ನಷ್ಟು ಕುಗ್ಗುತ್ತದೆ. ಮನೆಯ ಮುಂದೆ ನೆಲದ ಮೇಲೆ ಬಿದ್ದ ನಾಲ್ಕು ಹನಿಗಳನ್ನು ಉಪೇಕ್ಷಿಸಬಾರದೆನ್ನುವುದು ಇದಕ್ಕಾಗಿಯೇ.

ಕಾರ್ಬ್ಯುರೇಟರಿನ ಕಾಲದ ಕಾಯಿಲೆಗಳು ಬೇರೆ ಜಾತಿಯವು. ಪೆಟ್ರೋಲನ್ನು ಮೇಲೆತ್ತುವ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದ್ದುದರಿಂದ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ದೂರದಿಂದ ಬಂದು ಕಾಲುಗಂಟೆ ನಿಂತ ಕಾರಿನ ಪೈಪಿನಲ್ಲಿ ಪೆಟ್ರೋಲು ಆವಿಯಾಗಿಬಿಟ್ಟು, ದ್ರವವನ್ನೆಳೆಯಲೆಂದು ಮಾಡಿದ ಪಂಪು ಆ ಆವಿಯನ್ನೇ ಹಿಂದಕ್ಕೂ ಮುಂದಕ್ಕೂ ದೂಡುತ್ತ ಕೂರುತ್ತಿತ್ತು. ಸ್ಟಾರ್ಟರು ಎಷ್ಟು ತಿರುಗಿದರೂ ಎಂಜಿನ್ನು ಹೊತ್ತಿಕೊಳ್ಳುತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ ಕಾಯುವ ಚಾಲಕರ ಉಪಾಯದಲ್ಲಿ ಮೌಢ್ಯವೇನೂ ಇಲ್ಲ. ಆವಿಯನ್ನು ಮತ್ತೆ ದ್ರವವಾಗಿಸುವ ಶುದ್ಧ ಭೌತಶಾಸ್ತ್ರ ಅದು. ಮಳೆಗಾಲದಲ್ಲಿ ತೊಂದರೆ ಕೊಡುತ್ತಿದ್ದುದು ಡೆಲ್ಕೋ ಎಂದು ಮೆಕ್ಯಾನಿಕ್ಕುಗಳು ಕರೆಯುವ ಡಿಸ್ಟ್ರಿಬ್ಯೂಟರು. ಅದರ ಮುಚ್ಚಳದೊಳಗೆ ತೇವ ಹೊಕ್ಕರೆ ಕಿಡಿಯ ವಿದ್ಯುತ್ತು ಪ್ಲಗ್ಗಿನವರೆಗೆ ಹೋಗದೆ ನಡುವೆಯೇ ಸೋರಿ ಮಿಸ್ಸಿಂಗ್ ಆರಂಭವಾಗುತ್ತಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಕೆಲಸ ಬಿಟ್ಟರೆ ಮುಕ್ಕಾಲು ಪಾಲು ಉಳಿಯುತ್ತದೆ. ಇಲ್ಲಿ ಮೂರರಲ್ಲಿ ಒಂದು ಹೋದರೆ ಉಬ್ಬನ್ನೇರುವುದೂ ಕಷ್ಟ.

2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ 800ಕ್ಕೂ ಕಾರ್ಬ್ಯುರೇಟರಿನ ಬದಲು, ಕಂಪ್ಯೂಟರಿನ ಹತೋಟಿಯಲ್ಲಿ ಪೆಟ್ರೋಲನ್ನು ಸಿಂಪಡಿಸುವ ಎಂಪಿಎಫ್‌ಐ ವ್ಯವಸ್ಥೆ ಬಂದಾಗ, ಪಂಪು ಟ್ಯಾಂಕಿನೊಳಕ್ಕೆ ಸರಿದು ಪೈಪಿನಲ್ಲಿ ಒತ್ತಡ ಏರಿದ್ದರಿಂದ ಆವಿಯ ಕಾಟ ಬಹುಮಟ್ಟಿಗೆ ತಪ್ಪಿತು. ಚೋಕ್ ಎಳೆಯುವ ಪದ್ಧತಿಯೂ ಹೋಯಿತು. ಹೊಸದಾಗಿ ಬಂದವು ಸೆನ್ಸರುಗಳ ಮುನಿಸುಗಳು. ಆದರೆ ಕಬ್ಬಿಣ ಅಲ್ಯೂಮಿನಿಯಮ್ಮುಗಳ ಹಳೆಯ ವೈಮನಸ್ಯವಾಗಲಿ, ಗಡಸುನೀರಿನ ಹಿಟ್ಟೆಯಾಗಲಿ ಯಾವ ಕಂಪ್ಯೂಟರಿಗೂ ಬಗ್ಗುವಂಥವಲ್ಲ.

ಆದಕಾರಣ, ಇಂದಿಗೂ ಹಳೆಯ 800ನ್ನು ಕೊಳ್ಳಬಯಸುವವರು ಬಣ್ಣವನ್ನೂ ಸೀಟಿನ ಹೊದಿಕೆಯನ್ನೂ ನೋಡುವ ಮೊದಲು, ಎಂಜಿನ್ನು ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಬಣ್ಣವನ್ನು ನೋಡಬೇಕು. ಅದು ತುಕ್ಕುಗೆಂಪಾಗಿದ್ದರೆ ಚೌಕಾಸಿಗೆ ಒಂದು ಕಾರಣ ಸಿಕ್ಕಿತು; ಆಯಿಲ್ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆತ ಕಾಫಿಯಂಥ ನೊರೆ ದಪ್ಪವಾಗಿ ಕಟ್ಟಿ, ನೀರೂ ದಿನೇ ದಿನೇ ಇಳಿಯುತ್ತಿರುವುದಾದರೆ ಗ್ಯಾಸ್ಕೆಟ್ಟಿನ ಮೇಲೆ ಸಂಶಯ ಪಡಬೇಕು. ಸ್ಟಾರ್ಟ್ ಮಾಡಿದ ಕೂಡಲೆ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ಸೀಲುಗಳು ಸವೆದಿವೆ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗುಗಳದೇ ದೋಷ. ಮೊದಲನೆಯದರ ಖರ್ಚು ಅಲ್ಪ, ಎರಡನೆಯದಕ್ಕೆ ಬೋರ್ ಮಾಡಿಸುವವರೆಗೂ ಹೋಗಬೇಕಾದೀತು. ಕೊನೆಯಲ್ಲಿ ಕಾರನ್ನು ನಿಂತಲ್ಲಿಯೇ ಇಪ್ಪತ್ತು ನಿಮಿಷ ಓಡಗೊಟ್ಟು, ರೇಡಿಯೇಟರಿನ ಫ್ಯಾನು ಯಾರೂ ತಂತಿ ಮುಟ್ಟಿಸದೆ ತಾನಾಗಿ ತಿರುಗಿ, ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲುವುದೇ ಎಂದು ನೋಡತಕ್ಕದ್ದು. ಅದನ್ನು ಸ್ಟಾರ್ಟಿನ ಕೀಲಿಗೇ ನೇರವಾಗಿ ಜೋಡಿಸಿಟ್ಟಿದ್ದರೆ, ಹಾಗೆ ಯಾಕೆ ಮಾಡಬೇಕಾಯಿತೆಂದು ಮಾರುವವರನ್ನು ಕೇಳಿಯೇ ಮುಂಗಡ ಕೊಡಬೇಕು.