ನಿಮಗಿದು ಗೊತ್ತೆ? ಎರಡು ಮೀಟರ್ ದಾಟಿದ ಹತ್ತೊಂಬತ್ತರ ಹುಡುಗಿ

ಕಿರಿಯರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಆರಂಭವಾದದ್ದು 1986ರಲ್ಲಿ, ಅಥೆನ್ಸ್‌ನಲ್ಲಿ. ಎರಡನೇ ಕೂಟ 1988ರಲ್ಲಿ ಕೆನಡಾದ ಸಡ್ಬರಿಯಲ್ಲಿ ನಡೆಯಿತು. ಅಲ್ಲಿ ರುಮೇನಿಯಾದ ಅಲಿನಾ ಅಸ್ತಾಫೆ ಎತ್ತರ ಜಿಗಿತದಲ್ಲಿ 2.00 ಮೀಟರ್ ದಾಟಿ ಚಿನ್ನ ಗೆದ್ದರು. ಆಗ ಅವರಿಗೆ 19 ವರ್ಷ. ಸಾಮಾನ್ಯ ಮನೆಬಾಗಿಲಿನ ಎತ್ತರವೇ ಸುಮಾರು ಎರಡು ಮೀಟರ್ ಇರುತ್ತದೆ! 2024ರ ಲಿಮಾ ಕೂಟದವರೆಗೂ ಈ ಕೂಟದಾಖಲೆಯನ್ನು ಯಾರಿಂದಲೂ ಅಳಿಸಲಾಗಲಿಲ್ಲ. ಸಡ್ಬರಿಯ ಚಿನ್ನದ ನಾಲ್ಕೇ ವರ್ಷಗಳ ಬಳಿಕ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅಸ್ತಾಫೆ ಬೆಳ್ಳಿ ಪದಕವನ್ನೂ ಪಡೆದರು.

ಕಿರಿಯರ, ಅಂದರೆ 20 ವರ್ಷದೊಳಗಿನವರ ವಿಶ್ವದಾಖಲೆ ಬೇರೆಯೇ ಇದೆ. ಅದು ಮೂಡಿದ್ದು ಹಿರಿಯರ ಕಣದಲ್ಲಿ ಎಂಬುದೇ ವಿಶೇಷ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಕ್ರೇನಿನ ಯಾರೊಸ್ಲಾವಾ ಮಹುಚಿಖ್ 18ನೇ ವಯಸ್ಸಿನಲ್ಲಿ 2.04 ಮೀಟರ್ ಜಿಗಿದರು. ಅದೇ ಸ್ಪರ್ಧೆಯಲ್ಲಿದ್ದ ಮರಿಯಾ ಲಸಿತ್ಸ್‌ಕೆನೆ ಜಿಗಿದದ್ದೂ ಅಷ್ಟೇ ಎತ್ತರ. ಆದರೆ ಆ ಎತ್ತರವನ್ನು ಮರಿಯಾ ಮೊದಲ ಯತ್ನದಲ್ಲೇ ದಾಟಿದ್ದರೆ, ಯಾರೊಸ್ಲಾವಾಗೆ ಮೂರನೇ ಯತ್ನ ಬೇಕಾಯಿತು. ಹಾಗಾಗಿ ಚಿನ್ನ ಮರಿಯಾ ಪಾಲಾಯಿತು.

ಎತ್ತರ ಜಿಗಿತದ ಕಟು ನಿಯಮ ಇದು: ಎತ್ತರ ಸಮವಾದರೆ ತಪ್ಪಿದ ಯತ್ನಗಳ ಲೆಕ್ಕವೇ ಪದಕದ ಬಣ್ಣ ನಿರ್ಧರಿಸುತ್ತದೆ. ಅಂದು ಚಿನ್ನ ತಪ್ಪಿದ ಮಹುಚಿಖ್ ಮುಂದೆ 2024ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ 2.10 ಮೀಟರ್ ಜಿಗಿದು, 1987ರಿಂದ ಅಲುಗದಿದ್ದ ಬಲ್ಗೇರಿಯಾದ ಸ್ಟೆಫ್ಕಾ ಕೊಸ್ತಾದಿನೊವಾ ಅವರ 2.09 ಮೀಟರ್ ವಿಶ್ವದಾಖಲೆಯನ್ನು ಮುರಿದರು.

ಇನ್ನೊಂದು ಅಪರೂಪದ ಸಾಧನೆ ಬ್ರಿಟನ್ನಿನ ಮೋರ್ಗನ್ ಲೇಕ್ ಅವರದು. 2014ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ಕಿರಿಯರ ಕೂಟದಲ್ಲಿ, 17ರ ಹರೆಯದಲ್ಲೇ, ಎತ್ತರ ಜಿಗಿತ ಮತ್ತು ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು.

ನಮ್ಮ ಹೆಮ್ಮೆಯೂ ಇಲ್ಲಿದೆ. ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಜಿಗಿದು, ಬಾಬಿ ಅಲೋಷಿಯಸ್ ಅವರ 1.91 ಮೀಟರ್ ರಾಷ್ಟ್ರೀಯ ದಾಖಲೆ ಮುರಿದು ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು.