ಅಮೆರಿಕದ ವಿದೇಶಾಂಗ ನೀತಿ: ನಿರ್ಧರಿಸುವವರು ಯಾರು?

ರಾಂಜಣಗಾಂವದ ಮಹಾಗಣಪತಿಯ ದರ್ಶನಕ್ಕೆಂದು ಬರುವವರಿಗೆ, ದೇವಾಲಯದ ಸಮೀಪದ ಕೈಗಾರಿಕಾ ವಸಾಹತಿನಲ್ಲಿ ವಿದೇಶೀ ಹೆಸರು ಹೊತ್ತ ಕಾರ್ಖಾನೆಗಳೂ ಕಣ್ಣಿಗೆ ಬೀಳುತ್ತವೆ. ದೂರದ ರಾಜಧಾನಿಯೊಂದರ ಆಜ್ಞೆಯು ಬಿಡಿಭಾಗಗಳ ಬೆಲೆಯನ್ನೂ ಸರಕಿನ ರವಾನೆಯನ್ನೂ ಹೇಗೆ ತಟ್ಟಬಲ್ಲುದೆಂಬುದನ್ನು ಅಲ್ಲಿ ದುಡಿಯುವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂತಹ ಆಜ್ಞೆಗಳ ಹಿಂದಿರುವವರು ಯಾರು? ಅಮೆರಿಕದ ಮಟ್ಟಿಗೆ ‘ಅಧ್ಯಕ್ಷರು’ ಎಂಬ ಉತ್ತರವು ಅರ್ಧಸತ್ಯ ಮಾತ್ರ. 1998ರ ಪ್ರಸಂಗವೇ ಇದಕ್ಕೆ ಸಾಕ್ಷಿ.

ಆ ವರ್ಷದ ಮೇ 11 ಹಾಗೂ 13ರಂದು ಭಾರತವು ಪೋಖರಣದಲ್ಲಿ ಅಣುಪರೀಕ್ಷೆ ನಡೆಸಿತು. 13ರಂದೇ ಅಧ್ಯಕ್ಷ ಕ್ಲಿಂಟನ್ ಅವರು ಆರ್ಥಿಕ ನಿರ್ಬಂಧಗಳನ್ನು ಘೋಷಿಸಿದರು. ಅವರ ಮುಂದೆ ಬೇರೆ ದಾರಿಯೂ ಇರಲಿಲ್ಲ. ಗಗನಯಾತ್ರಿಯೂ ಆಗಿದ್ದ ಸೆನೆಟ್ ಸದಸ್ಯ ಜಾನ್ ಗ್ಲೆನ್ ಅವರ ಹೆಸರಿನ 1994ರ ತಿದ್ದುಪಡಿಯು, ಅಣುಪರೀಕ್ಷೆ ನಡೆಸಿದ ರಾಷ್ಟ್ರಕ್ಕೆ ನೆರವು, ಶಸ್ತ್ರಾಸ್ತ್ರ, ಸರಕಾರಿ ಸಾಲ ಮತ್ತು ಸಾಲದ ಖಾತರಿ ಎಲ್ಲವೂ ನಿಲ್ಲತಕ್ಕದ್ದೆಂದು ವಿಧಿಸಿತ್ತು. ಕಾನೂನು ಮಾಡಿದ್ದ ಕಾಂಗ್ರೆಸ್ ಸಭೆಯೇ ಅದನ್ನು ಸಡಿಲಿಸಬೇಕಾಗಿತ್ತು.

ಮೇ ತಿಂಗಳ ಕೊನೆಗೆ ಪಾಕಿಸ್ತಾನವೂ ಪರೀಕ್ಷೆ ನಡೆಸಿ ಅದೇ ಕಾನೂನಿಗೆ ಒಳಪಟ್ಟಿತು. ಆಗ ಎಚ್ಚೆತ್ತವರು ವಾಷಿಂಗ್ಟನ್ ರಾಜ್ಯದ ಗೋಧಿ ಬೆಳೆಗಾರರು. ಪಾಕಿಸ್ತಾನವು ಅವರ ದೊಡ್ಡ ಗಿರಾಕಿ. ಮಾರಾಟ ನಡೆಯುತ್ತಿದ್ದುದು ಅಮೆರಿಕ ಸರಕಾರದ ಸಾಲಖಾತರಿಯ ಬಲದಿಂದ. ಕೊಳ್ಳುವವನ ಬ್ಯಾಂಕು ಕೈಯೆತ್ತಿದರೆ ಸರಕಾರವು ತುಂಬಿಕೊಡುವುದೆಂಬ ಭರವಸೆಯಿಲ್ಲದೆ ಅಷ್ಟು ದೊಡ್ಡ ಲೆಟರ್ ಆಫ್ ಕ್ರೆಡಿಟ್ಟನ್ನು ನಂಬಿ ಸಾಲ ಕೊಡಲು ಯಾವ ವಿವೇಕಿ ಬ್ಯಾಂಕೂ ಮುಂದಾಗದು. ರೈತರ ಕೂಗು ರಾಜಧಾನಿಗೆ ಮುಟ್ಟಿತು. ಜುಲೈ 9ರಂದು ಸೆನೆಟ್ಟು 98–0 ಮತಗಳಿಂದ ಕೃಷಿ ಸಾಲಗಳಿಗೆ ವಿನಾಯಿತಿ ನೀಡಿತು. 14ರಂದು ಅಧ್ಯಕ್ಷರ ಸಹಿಯಾಯಿತು. ಅಣುಶಸ್ತ್ರ ತಡೆಯ ಮಹೋದ್ದೇಶವು ಎರಡು ತಿಂಗಳೊಳಗೆ ಗೋಧಿಯ ಮುಂದೆ ತಲೆಬಾಗಿತು!

ಅದೇ ಸೆನೆಟ್ಟು ಮರುವರ್ಷ ಅಧ್ಯಕ್ಷರಿಗೇ ಮುಖಭಂಗ ಮಾಡಿತು. ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತವು ಸಹಿ ಹಾಕಬೇಕೆಂದು ಕ್ಲಿಂಟನ್ ಒತ್ತಾಯಿಸುತ್ತಿದ್ದರು. 1996ರಲ್ಲಿ ಸ್ವತಃ ಸಹಿ ಹಾಕಿದ್ದರು. ಆದರೆ ಅಲ್ಲಿಯ ಸಂವಿಧಾನದಂತೆ ಒಪ್ಪಂದಕ್ಕೆ ಸೆನೆಟ್ಟಿನ ಮೂರನೆಯ ಎರಡರಷ್ಟು ಬೆಂಬಲ ಬೇಕು. 1999ರ ಅಕ್ಟೋಬರ್ 13ರಂದು ಪರವಾಗಿ ಬಿದ್ದ ಮತಗಳು 48, ವಿರುದ್ಧ 51. ಪರರಿಗೆ ಬೋಧಿಸಿದ ವ್ರತವನ್ನು ಸ್ವಗೃಹವೇ ಒಪ್ಪಲಿಲ್ಲ.

ಇತ್ತ ಬೆಂಗಳೂರಿನಲ್ಲಿ ಸಿದ್ಧವಾಗುತ್ತಿದ್ದ ಹಗುರ ಯುದ್ಧವಿಮಾನಕ್ಕೆ ಅಮೆರಿಕದಲ್ಲಿ ಮತದಾರರಿರಲಿಲ್ಲ. ಅದರ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಲ್ಲಿಯ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಯೊಡನೆ ದುಡಿಯುತ್ತಿದ್ದ ಭಾರತೀಯ ಎಂಜಿನಿಯರರು ನಿರ್ಬಂಧದಿಂದಾಗಿ ಹಿಂದಿರುಗಬೇಕಾಯಿತು. ಉಳಿದ ಕೆಲಸವನ್ನು ಸ್ವದೇಶದಲ್ಲಿಯೇ ಪೂರೈಸಿದ ಮೇಲೆ, 2001ರ ಜನವರಿ 4ರಂದು ವಿಮಾನವು ಬೆಂಗಳೂರಿನ ಆಗಸಕ್ಕೇರಿತು. ಎಂಜಿನ್ ಮಾತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು.

ಅಷ್ಟರಲ್ಲಿ ನಿರ್ಬಂಧಗಳನ್ನು ಮನ್ನಾ ಮಾಡುವ ಅಧಿಕಾರವನ್ನು ಕಾಂಗ್ರೆಸ್ ಸಭೆಯು ಅಧ್ಯಕ್ಷರಿಗೆ ಕೊಟ್ಟಿತ್ತು. ಆದರೂ ಅವು ಪೂರ್ಣವಾಗಿ ತೆರವಾಗಲಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಉರುಳಿ, ಉಪಖಂಡದ ಸಹಕಾರವು ತುರ್ತಾಗಿ ಬೇಕಾದಾಗ, 22ರಂದು ಅಧ್ಯಕ್ಷ ಬುಷ್ ಅವರು ಎರಡೂ ದೇಶಗಳ ಮೇಲಿನ ಅಣುಪರೀಕ್ಷೆಯ ನಿರ್ಬಂಧಗಳನ್ನು ತೆಗೆದುಹಾಕಿದರು. ಬೆಂಗಳೂರಿನ ವಿಮಾನವು ಹಾರಿ ಅದಾಗಲೇ ಎಂಟು ತಿಂಗಳು ಕಳೆದಿದ್ದವು.