ಮಾತು, ಸ್ವರ, ನುಂಗುವಿಕೆ: ನಂಬಿದ್ದು ಏನು, ನಿಜ ಏನು?

ಎರಡು ತುಂಬಿದ ಮಗುವಿಗೆ ಮಾತು ಬಂದಿಲ್ಲ. ಮೇಳದ ಭಾಗವತರ ಸ್ವರ ಬಿದ್ದಿದೆ. ಲಕ್ವ ಹೊಡೆದ ಅಜ್ಜಯ್ಯನಿಗೆ ಗಂಜಿ ನೆತ್ತಿಗೆ ಹತ್ತುತ್ತಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಮನೆಯಲ್ಲಿ ಇಂಥದ್ದಾದರೂ ಸಲಹೆಗೆ ಬರವಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಎನ್ನುವವರಿದ್ದಾರೆ, ಕಾಳುಮೆಣಸಿನ ಹಾಲು ಕುಡಿಯಿರಿ ಎನ್ನುವವರಿದ್ದಾರೆ, ಇನ್ನೊಂದು ವರ್ಷ ನೋಡುವ ಎನ್ನುವವರೂ ಇದ್ದಾರೆ. ಎಲ್ಲವೂ ಅಕ್ಕರೆಯಿಂದ ಬಂದ ಮಾತುಗಳೇ. ಆದರೆ ಎಲ್ಲದರಲ್ಲೂ ಒಂದು ಹೆಜ್ಜೆ ತಪ್ಪಿಹೋಗಿದೆ: ತೊಂದರೆ ಎಲ್ಲಿದೆ ಎಂದು ಮೊದಲು ನೋಡುವುದು. ಹೊರಗೆ ಕಾಣುವ ಲಕ್ಷಣ ಒಂದೇ ಆದರೂ ಒಳಗಿನ ಕಾರಣ ಹಲವು ಇರಬಹುದು. ಅದನ್ನು ಬೇರ್ಪಡಿಸಿ ತೋರಿಸುವುದೇ ಸ್ಪೀಚ್ ಥೆರಪಿಸ್ಟರು ಮಾಡುವ ತಪಾಸಣೆ.

ತಪ್ಪು ಕಲ್ಪನೆ 1: ಗಂಡುಮಕ್ಕಳಿಗೆ ಮಾತು ತಡ. ಅವನ ಅಪ್ಪಯ್ಯನೂ ತಡವಾಗಿಯೇ ಮಾತಾಡಿದ್ದು.

ಸತ್ಯ: ಗಂಡುಮಕ್ಕಳು ಸರಾಸರಿಯಲ್ಲಿ ಸ್ವಲ್ಪ ತಡವಾಗಿ ಮಾತು ಕಲಿಯುವುದು ಹೌದು. ಆದರೆ ಆ ವ್ಯತ್ಯಾಸ ಚಿಕ್ಕದು, ವರ್ಷಗಟ್ಟಲೆ ಕಾಯುವಷ್ಟಲ್ಲ. 6ರಿಂದ 9 ತಿಂಗಳಿಗೆ ‘ಬಬಬ’, ‘ಮಮಮ’ ಎಂಬ ತೊದಲು ಬರಬೇಕು. ವರ್ಷ ತುಂಬುವಾಗ ಹೆಸರು ಕರೆದರೆ ತಿರುಗಬೇಕು, ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು, ಒಂದೆರಡು ಪದ ಹೊರಡಬೇಕು. ಎರಡು ತುಂಬುವಾಗ ಸುಮಾರು 50 ಪದಗಳಿದ್ದು, ಎರಡೆರಡು ಪದ ಕೂಡಿಸಿ ಹೇಳಬೇಕು. ಅಪ್ಪ ತಡವಾಗಿ ಮಾತಾಡಿದ್ದರೆ ಅದು ಕಾಯಲು ಕಾರಣವಲ್ಲ, ಬೇಗ ತೋರಿಸಲು ಕಾರಣ. ಮಾತಿನ ತೊಂದರೆಗಳು ಕುಟುಂಬದಲ್ಲಿ ಹರಿದು ಬರುವುದುಂಟು. ಬಂದಿದ್ದ ಪದಗಳನ್ನು ಮಗು ಮರೆಯತೊಡಗಿದರಂತೂ ಯಾವ ವಯಸ್ಸಾದರೂ ಒಂದು ದಿನವೂ ತಡಮಾಡಬಾರದು.

ತಪ್ಪು ಕಲ್ಪನೆ 2: ಚಂಡೆ ಸದ್ದಿಗೆ ಬೆಚ್ಚಿಬೀಳುತ್ತದೆ, ಹಾಗಾಗಿ ಕಿವಿ ಸರಿಯಾಗಿಯೇ ಇದೆ.

ಸತ್ಯ: ಚಂಡೆ, ಪಟಾಕಿ, ಮಿಕ್ಸಿ, ದಡಾರನೆ ಮುಚ್ಚಿದ ಬಾಗಿಲು ಇವೆಲ್ಲ ಬಹಳ ದೊಡ್ಡ ಸದ್ದುಗಳು. ಕಿವಿ ಸಾಕಷ್ಟು ಮಂದವಾಗಿರುವ ಮಗುವಿಗೂ ಕೇಳಿಸುತ್ತವೆ, ಇಲ್ಲವೇ ಅವುಗಳ ಕಂಪನ ಮೈಗೆ ತಾಗುತ್ತದೆ. ಮಾತು ಅಷ್ಟು ದೊಡ್ಡದಲ್ಲ. ಅದರಲ್ಲೂ ಸ, ಶ ದಂತಹ ಸಣ್ಣ, ತೀಕ್ಷ್ಣ ಸದ್ದುಗಳು ತಪ್ಪಿಹೋದರೆ ಮಗುವಿಗೆ ಮಾತು ಅರೆಬರೆ ಕೇಳುತ್ತದೆ, ಅರೆಬರೆಯಾಗಿಯೇ ಹೊರಡುತ್ತದೆ. ಆದ್ದರಿಂದ ಮಾತಿನ ತಪಾಸಣೆ ಶುರುವಾಗುವುದೇ ಕಿವಿಯಿಂದ. ಹುಟ್ಟಿದ ಕೂಸಿಗೂ ಕಿವಿಯಲ್ಲಿ ಪುಟ್ಟ ತುದಿಯಿಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ ಓಎಇ ಪರೀಕ್ಷೆಯಿದೆ. ಮಲಗಿರುವಾಗ ತಲೆಗೆ ತಂತಿ ಅಂಟಿಸಿ ಮಾಡುವ ಬೆರಾ ಪರೀಕ್ಷೆಯಲ್ಲಿ ಶಾಕ್ ಕೊಡುವುದಿಲ್ಲ. ಸದ್ದಿಗೆ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಬರೆದುಕೊಳ್ಳುತ್ತಾರೆ, ಅಷ್ಟೇ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಗುರಿ.

ತಪ್ಪು ಕಲ್ಪನೆ 3: ನಾಲಿಗೆ ದಪ್ಪ ಇದೆ. ಬಜೆ, ಜೇನು ತಿಕ್ಕಿದರೆ ಅಥವಾ ನಾಲಿಗೆಯಡಿಯ ನರ ಕತ್ತರಿಸಿದರೆ ಮಾತು ಬರುತ್ತದೆ.

ಸತ್ಯ: ಮಾತು ಹುಟ್ಟುವುದು ನಾಲಿಗೆಯಲ್ಲಲ್ಲ. ಕೇಳಿ, ಅರ್ಥಮಾಡಿಕೊಂಡು, ಪದ ಆರಿಸಿ ಹೇಳುವ ಕೆಲಸವೆಲ್ಲ ಮಿದುಳಿನದು. ನಾಲಿಗೆಯಡಿಯ ಪೊರೆ ಬಿಗಿಯಾಗಿದ್ದರೆ ಹಾಲು ಕುಡಿಯಲು, ಕೆಲವು ಅಕ್ಷರ ಹೇಳಲು ತೊಡಕಾಗಬಹುದು. ಮಾತೇ ಬಾರದಿರಲು ಅದು ಕಾರಣವಲ್ಲ. ಪೊರೆ ಕತ್ತರಿಸಬೇಕೇ ಬೇಡವೇ ಎಂಬುದು ಬಾಯಿ ಪರೀಕ್ಷಿಸಿ ನಿರ್ಧರಿಸುವ ವಿಷಯ. ಬಜೆಯಿಂದ ಮಾತು ಬರುತ್ತದೆ ಎನ್ನಲು ಆಧಾರವಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಇಲ್ಲಿಯೇ ಕೊಲ್ಲೂರಿನ ಮಾತು ಬರುತ್ತದೆ. ವರ ಕೇಳಲು ಹೊರಟ ಕಂಹಾಸುರನ ಮಾತು ನಿಂತು ಮೂಕಾಸುರನಾದ, ಅವನನ್ನು ಸಂಹರಿಸಿದ ದೇವಿ ಮೂಕಾಂಬಿಕೆಯಾದಳು ಎಂಬುದು ಕ್ಷೇತ್ರದ ಕಥೆ. ಮಾತು ಬಾರದ ಮಗುವಿಗಾಗಿ ತಾಯಿ ಅಲ್ಲಿ ಹರಕೆ ಹೊರುವುದು ಸಹಜ, ಅದನ್ನು ಯಾರೂ ಬೇಡವೆನ್ನಬೇಕಿಲ್ಲ. ಆದರೆ ಹರಕೆ ಹೊತ್ತ ವಾರವೇ ಕಿವಿ ಪರೀಕ್ಷೆಯೂ ಆಗಲಿ. ಎರಡಕ್ಕೂ ಜಗಳವಿಲ್ಲ, ಫಲಕ್ಕಾಗಿ ಕಾಯುತ್ತ ಕಳೆದ ವರ್ಷಗಳು ಮಾತ್ರ ಮರಳಿ ಬರುವುದಿಲ್ಲ.

ತಪ್ಪು ಕಲ್ಪನೆ 4: ಮನೆಯಲ್ಲಿ ಹಲವು ಭಾಷೆ, ಹಾಗಾಗಿ ಮಗುವಿಗೆ ಗೊಂದಲ.

ಸತ್ಯ: ಗಂಗೊಳ್ಳಿಯ ಖಾರ್ವಿ ಮನೆಯಲ್ಲಿ ಕೊಂಕಣಿ, ಶಿರೂರಿನಲ್ಲಿ ನವಾಯತಿ, ಬ್ರಹ್ಮಾವರದಲ್ಲಿ ತುಳುವೂ ಕುಂದಗನ್ನಡವೂ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಈ ಊರುಗಳ ಮಕ್ಕಳು ತಲೆಮಾರುಗಳಿಂದ ಹೀಗೆಯೇ ಬೆಳೆದಿದ್ದಾರೆ. ಹಲವು ಭಾಷೆ ಕೇಳುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲ. ಒಂದೊಂದು ಭಾಷೆಯಲ್ಲಿ ಪದಗಳು ಕಡಿಮೆಯೆನಿಸಿದರೂ ಎಲ್ಲ ಭಾಷೆಗಳ ಪದ ಕೂಡಿಸಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ತಪಾಸಣೆಯಲ್ಲಿ ಎಣಿಸಬೇಕಾದದ್ದೂ ಹಾಗೆಯೇ. ನಿಜವಾದ ತೊಂದರೆಯಿದ್ದರೆ ಅದು ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಮನೆಮಾತು ನಿಲ್ಲಿಸಿದರೆ ಅಜ್ಜ ಅಜ್ಜಿಯರೊಡನೆ ಆಡುವ ಮಾತೂ ಮಗುವಿನ ಕೈತಪ್ಪುತ್ತದೆ.

ತಪ್ಪು ಕಲ್ಪನೆ 5: ‘ಹೋಯ್ಕ್’, ‘ಇಲ್ಲೆ’ ಎನ್ನುವ ಮಗುವಿನ ಉಚ್ಚಾರ ಸರಿಯಿಲ್ಲ.

ಸತ್ಯ: ಅದು ದೋಷವಲ್ಲ, ಕುಂದಗನ್ನಡ. ಪದದ ಕೊನೆಯ ಸ್ವರ ಬಿಡುವುದು, ಮನೆಯನ್ನು ‘ಮನಿ’ ಎನ್ನುವುದು ಈ ನೆಲದ ಮಾತಿನ ಕ್ರಮ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದಾಗಿ ಕನ್ನಡಕ್ಕೆ ತನ್ನದೇ ಪರೀಕ್ಷೆಗಳು ದೊರಕಿದವು. ಕನ್ನಡದ ಉಚ್ಚಾರ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಇದು ದೊಡ್ಡ ಕೆಲಸ. ಆದರೆ ಗ್ರಂಥಸ್ಥ ಕನ್ನಡದ ಪಟ್ಟಿಯನ್ನೇ ಅಳತೆಗೋಲಾಗಿ ಹಿಡಿದರೆ ಕೋಟ, ಹೆಮ್ಮಾಡಿ, ಉಪ್ಪುಂದದ ಮಗು ಸುಮ್ಮನೆ ಅಂಕ ಕಳೆದುಕೊಳ್ಳುತ್ತದೆ. ಕಾಲನ್ನು ತೋರಿಸಿದಾಗ ಮಗು ‘ಕಾಲ್’ ಎಂದರೆ ಅದು ಊರಿನ ಮಾತು. ವಯಸ್ಸು ನಾಲ್ಕು ಮೀರಿದರೂ ‘ತಾಲ್’ ಎನ್ನುತ್ತಿದ್ದರೆ ಅದು ಗಮನಿಸಬೇಕಾದ ಉಚ್ಚಾರ. ಪರೀಕ್ಷಿಸುವವರು ಹೊರಊರಿನವರಾದರೆ ‘ನಮ್ಮಲ್ಲಿ ಹೀಗೇ ಹೇಳುವುದು’ ಎಂದು ತಿಳಿಸಲು ತಾಯಿತಂದೆ ಹಿಂಜರಿಯಬಾರದು. ಆ ಮಾಹಿತಿಯೂ ತಪಾಸಣೆಯ ಭಾಗವೇ.

ತಪ್ಪು ಕಲ್ಪನೆ 6: ಉಗ್ಗು ಬರುವುದು ಹೆದರಿಕೆಯಿಂದ, ಇಲ್ಲವೇ ಬೇರೆಯವರನ್ನು ಅಣಕಿಸಿ.

ಸತ್ಯ: ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ, ಭಾಷೆ ವೇಗವಾಗಿ ಬೆಳೆಯುವ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಅನುವಂಶೀಯತೆಯ ಪಾಲು ಅದರಲ್ಲಿ ದೊಡ್ಡದು. ಹೆದರಿಕೆ ಉಗ್ಗನ್ನು ಹೆಚ್ಚಿಸಬಹುದು, ಹುಟ್ಟಿಸುವುದಿಲ್ಲ. ಬಹಳ ಮಕ್ಕಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಯಾರಲ್ಲಿ ಉಳಿಯಬಹುದು ಎಂದು ಅಂದಾಜಿಸಲು ಮನೆತನದಲ್ಲಿ ಉಗ್ಗಿದೆಯೇ, ಎಷ್ಟು ತಿಂಗಳಾಯಿತು, ಅಕ್ಷರ ಮರುಕಳಿಸುತ್ತದೆಯೇ ಅಥವಾ ಮಾತೇ ಸಿಕ್ಕಿಕೊಂಡು ನಿಲ್ಲುತ್ತದೆಯೇ, ಮಗು ಮಾತಾಡುವುದನ್ನೇ ತಪ್ಪಿಸಿಕೊಳ್ಳುತ್ತಿದೆಯೇ ಎಂದೆಲ್ಲ ನೋಡುತ್ತಾರೆ.

ತಪ್ಪು ಕಲ್ಪನೆ 7: ಸ್ವರ ಬಿದ್ದರೆ ಕಾಳುಮೆಣಸಿನ ಹಾಲು ಕುಡಿದು, ಪಿಸುಗುಟ್ಟಿ ಮಾತಾಡಿದರೆ ಸಾಕು.

ಸತ್ಯ: ಕುಡಿದದ್ದು ಅನ್ನನಾಳಕ್ಕೆ ಹೋಗುತ್ತದೆ. ಸ್ವರತಂತುಗಳಿರುವುದು ಶ್ವಾಸನಾಳದ ಬಾಗಿಲಲ್ಲಿ. ಹಾಲು ಅವನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಕೆಮ್ಮು ಬರುತ್ತದೆ. ಗಂಟಲಿಗೆ ಹಿತವೆನಿಸುವುದು ನಿಜ, ತಂತುಗಳ ಗಂಟು ಕರಗುವುದಿಲ್ಲ. ಬಲವಂತದ ಪಿಸುಮಾತು ಅನೇಕರಲ್ಲಿ ಗಂಟಲಿಗೆ ಇನ್ನಷ್ಟು ಶ್ರಮ ಕೊಡುತ್ತದೆ. ಅದಕ್ಕಿಂತ ಮೌನ ಮೇಲು, ಮೆಲುದನಿಯೂ ಆದೀತು. ಮಾತಾಡುವಾಗ ಗಂಡಸರ ತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು, ಹೆಂಗಸರದು ಸುಮಾರು 200 ಬಾರಿ ಒಂದಕ್ಕೊಂದು ತಾಗುತ್ತವೆ. ಏರುಶ್ರುತಿಯ ಪದ್ಯದಲ್ಲಿ ಇನ್ನೂ ಹೆಚ್ಚು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮದಂತಹ ಮೇಳಗಳಿರುವ, ಗುಂಡ್ಮಿ ಕಾಳಿಂಗ ನಾವಡರಂತಹ ಕಂಠ ಹುಟ್ಟಿದ ಈ ಸೀಮೆಯಲ್ಲಿ, ಚಂಡೆಯ ಮೇಲೆ ಹಾಡುವ ಭಾಗವತರ ಸ್ವರಕ್ಕೆ ಬೀಳುವ ಹೊರೆ ಎಷ್ಟೆಂದು ಊಹಿಸಬಹುದು. ತರಗತಿಯ ಟೀಚರು, ಬಂದರಿನಲ್ಲಿ ಎಂಜಿನ್ ಸದ್ದಿನ ಮೇಲೆ ಕೂಗುವ ಮೀನುಗಾರರ ಪಾಡೂ ಅದೇ.

ಒಡಕು ಸ್ವರ ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರು ಗಂಟಲೊಳಗೆ ನೋಡಲೇಬೇಕು. ಬೀಡಿ, ಸಿಗರೇಟು, ಹೆಂಡದ ಅಭ್ಯಾಸವಿದ್ದವರು ಇದನ್ನು ಮುಂದೂಡಬಾರದು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಮೊದಲ ಲಕ್ಷಣ ಅನೇಕ ಬಾರಿ ಇದೊಂದೇ. ಆಮೇಲೆ ಸ್ಪೀಚ್ ಥೆರಪಿಸ್ಟರು ಒಂದೇ ಉಸಿರಿಗೆ ‘ಆ’ ಎಷ್ಟು ಸೆಕೆಂಡ್ ನಿಲ್ಲುತ್ತದೆ, ಸ್ವರ ಒರಟೇ, ಗಾಳಿ ಸೋರುತ್ತದೆಯೇ, ಕತ್ತು ಬಿಗಿಯುತ್ತದೆಯೇ ಎಂದು ಅಳೆಯುತ್ತಾರೆ.

ತಪ್ಪು ಕಲ್ಪನೆ 8: ಲಕ್ವ ಆಗಿ ಮಾತು ತಪ್ಪಿತು, ಅಂದರೆ ಬುದ್ಧಿಯೂ ಹೋಯಿತು.

ಸತ್ಯ: ಮಾತು ಹಠಾತ್ತಾಗಿ ತೊದಲಿದರೆ, ನಿಂತರೆ ಅದು ತುರ್ತುಸ್ಥಿತಿ, ಕೂಡಲೇ 108ಕ್ಕೆ ಕರೆಮಾಡಬೇಕು. ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಕಾಶ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಆಮೇಲೆ ಉಳಿಯುವ ತೊಂದರೆ ಎಲ್ಲರಲ್ಲೂ ಒಂದೇ ಅಲ್ಲ. ಒಬ್ಬರಿಗೆ ಪದ ಸಿಗುವುದಿಲ್ಲ, ಇನ್ನೊಬ್ಬರಿಗೆ ಕೇಳಿದ್ದು ಅರ್ಥವಾಗುವುದಿಲ್ಲ, ಮತ್ತೊಬ್ಬರಿಗೆ ಎಲ್ಲ ಗೊತ್ತಿದ್ದೂ ತುಟಿ, ನಾಲಿಗೆಯ ಬಲ ಸಾಲದು. ಕೇಳುವುದು, ಹೇಳುವುದು, ಹೆಸರಿಸುವುದು, ಓದುವುದು, ಬರೆಯುವುದನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದಾಗಲೇ ಇದು ತಿಳಿಯುತ್ತದೆ. ಅದುವರೆಗೆ ಅವರ ಎದುರು ಅವರು ಇಲ್ಲವೆಂಬಂತೆ ಮಾತಾಡಬಾರದು. ಅವರಿಗೆ ಎಲ್ಲ ತಿಳಿಯುತ್ತಿರಬಹುದು.

ತಪ್ಪು ಕಲ್ಪನೆ 9: ಗಂಜಿ ತಿಳಿ, ನೀರು ನುಂಗಲು ಸುಲಭ. ಕೆಮ್ಮದಿದ್ದರೆ ಅಪಾಯವಿಲ್ಲ.

ಸತ್ಯ: ಈ ಎರಡೂ ನಂಬಿಕೆ ಜೀವಕ್ಕೆ ಎರವಾಗಬಲ್ಲವು. ನೀರು, ಬೊಂಡ, ತಿಳಿಗಂಜಿ ಬಾಯಲ್ಲಿ ನಿಲ್ಲದೆ ಹರಿಯುತ್ತವೆ. ಶ್ವಾಸನಾಳದ ಬಾಗಿಲು ಮುಚ್ಚುವುದು ಒಂದು ಕ್ಷಣ ತಡವಾದರೂ ಒಳಗೆ ಇಳಿಯುತ್ತವೆ. ಕುಚ್ಚಲಕ್ಕಿ ಗಂಜಿ ಇನ್ನೂ ಕಷ್ಟದ್ದು: ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರಿರುತ್ತದೆ. ಕೆಲವರಿಗೆ ಅದೇ ಅಗುಳು ನುಣ್ಣಗೆ ಅರೆದು ಮಂದ ಮಾಡಿದಾಗ ಸಲೀಸಾಗಿ ಇಳಿಯುತ್ತದೆ, ಕೆಲವರಿಗೆ ಮಂದವಾದದ್ದೇ ಗಂಟಲಲ್ಲಿ ಉಳಿಯುತ್ತದೆ. ಯಾರಿಗೆ ಯಾವುದು ಎಂದು ಊಹಿಸಿ ಹೇಳಲಾಗದು.

ಲಕ್ವದ ನಂತರ ಗಂಟಲಿನ ಸ್ಪರ್ಶಜ್ಞಾನವೇ ಕುಂದಿದ್ದರೆ ಆಹಾರ ಶ್ವಾಸಕೋಶಕ್ಕಿಳಿದರೂ ಕೆಮ್ಮು ಬರುವುದಿಲ್ಲ. ಕುಡಿದ ಮೇಲೆ ಸ್ವರ ಗುಳುಗುಳು ಎನ್ನುವುದು, ಊಟಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುವುದು, ಕೆನ್ನೆಯಲ್ಲಿ ಅನ್ನ ಉಳಿಯುವುದು, ತೂಕ ಇಳಿಯುವುದು, ಮತ್ತೆ ಮತ್ತೆ ಜ್ವರ, ಕಫ ಬರುವುದು ಇದರ ಸುಳಿವುಗಳು. ತಪಾಸಣೆಯಲ್ಲಿ ರೋಗಿಯನ್ನು ನೆಟ್ಟಗೆ ಕೂರಿಸಿ, ಬಾಯಿಯ ಬಲ ನೋಡಿ, ಚಮಚದಳತೆಯಲ್ಲಿ ಬೇರೆ ಬೇರೆ ಹದದ ಆಹಾರ ಕೊಟ್ಟು ಗಮನಿಸುತ್ತಾರೆ. ಅನುಮಾನ ಉಳಿದರೆ ಬೇರಿಯಂ ಬೆರೆಸಿ ಎಕ್ಸ್‌ರೇ ವಿಡಿಯೋ ತೆಗೆಯುತ್ತಾರೆ, ಅಥವಾ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಮಲಗಿಸಿಕೊಂಡು ಬಾಯಿಗೆ ಹುಯ್ಯುವುದು ಎಂದಿಗೂ ಸಲ್ಲದು. ಮೂಗಿಗೆ ನಳಿಕೆ ಹಾಕಿದ್ದರೂ ದಿನಾ ಬಾಯಿ ಶುಚಿ ಮಾಡಬೇಕು. ಕೊಳೆಯಾದ ಎಂಜಲು ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾ ಬರುತ್ತದೆ. ನಳಿಕೆ ಅನೇಕರಲ್ಲಿ ತಾತ್ಕಾಲಿಕ. ಮರುತಪಾಸಣೆಯ ನಂತರ ಬಾಯಿಯಿಂದ ಉಣ್ಣಲು ಮರಳಿದವರು ಬಹಳ.

ಎಲ್ಲಿಗೆ ಹೋಗಬೇಕು?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕೆಂಬುದು ನಿಯಮ. ಅಂದು ಮಗುವನ್ನು ತಪ್ಪದೆ ಕಳುಹಿಸಿ, ಮಾತಿನ ಬಗ್ಗೆ ನೀವೇ ಬಾಯಿಬಿಟ್ಟು ಹೇಳಿ. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಬೈಂದೂರಿನವರಿಗೆ ಅದು ಸುಮಾರು 70 ಕಿ.ಮೀ. ದೂರ, ಒಂದು ದಿನದ ಕೂಲಿಯೂ ಹೋಗುತ್ತದೆ. ಹಾಗಾಗಿ ಹೋದ ದಿನ ಪೂರ್ತಿ ಪ್ರಯೋಜನವಾಗಲಿ: ಮಗು ಮನೆಯಲ್ಲಿ ಮಾತಾಡುವ, ಅಜ್ಜಯ್ಯ ಉಣ್ಣುವ ಮೊಬೈಲ್ ವಿಡಿಯೋ, ಹಳೆಯ ಚೀಟಿಗಳು, ಮನೆಯ ಭಾಷೆಗಳ ವಿವರ, ದಿನವೂ ಉಣ್ಣುವ ಆಹಾರ ಜೊತೆಗಿರಲಿ. ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವ ಹಕ್ಕು ನಿಮಗಿದೆ. ಮಾತು ಮತ್ತು ಭಾಷೆಯ ವೈಕಲ್ಯ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಒಂದು. ಅಗತ್ಯವಿದ್ದವರು ಪ್ರಮಾಣಪತ್ರ ಪಡೆಯಲು ಸಂಕೋಚಪಡಬೇಕಿಲ್ಲ.

ತಪಾಸಣೆಗೆ ಹೋದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆಂಬ ಅಂಜಿಕೆ ಅನೇಕರಲ್ಲಿದೆ. ತಪಾಸಣೆ ಹೆಸರಿಡುವ ಕೆಲಸವಲ್ಲ, ದಾರಿ ತೋರಿಸುವ ಕೆಲಸ. ‘ಏನೂ ತೊಂದರೆಯಿಲ್ಲ, ಆರು ತಿಂಗಳು ಬಿಟ್ಟು ಬನ್ನಿ’ ಎಂಬ ಉತ್ತರ ಸಿಕ್ಕರೂ ಆ ಪ್ರಯಾಣ ವ್ಯರ್ಥವಲ್ಲ. ಕಾಯುವುದೇ ಸರಿಯಾದರೆ, ನೋಡಿಸಿಕೊಂಡು ಕಾಯೋಣ.